ತೆಕ್ಕಟ್ಟೆಗೇ ಹೋಗುತ್ತಿದ್ದ ಬಹುಮಾನ

ಕುಂದಾಪುರದ ಒಂದು ಸಣ್ಣ ಪತ್ರಿಕೆಯಲ್ಲಿ ನಾನು ಉಪಸಂಪಾದಕ. ಶನಿವಾರದ ಪುಟದಲ್ಲಿ ನಾವು ಮಕ್ಕಳಿಗೊಂದು ಪದಬಂಧ ಹಾಕುತ್ತೇವೆ. ಬಿಡಿಸಿದವರು ಚೀಟಿಯನ್ನು ತಮ್ಮೂರಿನ ಪೇಪರ್ ಏಜೆಂಟರ ಅಂಗಡಿಯ ಡಬ್ಬಿಗೆ ಹಾಕಬೇಕು. ಸರಿಯುತ್ತರಗಳಲ್ಲಿ ನೂರನ್ನು ಆರಿಸಿ, ಅದರಲ್ಲೊಬ್ಬರಿಗೆ ಕಂಪಾಸ್ ಪೆಟ್ಟಿಗೆ ಕೊಡುತ್ತೇವೆ. ಏಜೆಂಟರ ತಕರಾರು ಬೇಡವೆಂದು ಆ ನೂರರಲ್ಲಿ ಪ್ರತಿ ಊರಿಗೂ ಇಷ್ಟಿಷ್ಟು ಎಂದು ಮೊದಲೇ ಗೊತ್ತುಮಾಡಿದ್ದೆವು.

ಹೆಸರುಗಳನ್ನು ಟೈಪ್ ಮಾಡುವವಳು ನಮ್ಮ ಪುಟವಿನ್ಯಾಸಕಿ. ತೆಕ್ಕಟ್ಟೆಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ, ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು. ನಮ್ಮ ಕಡೆಯವರು ಊರುಗಳನ್ನು ಅಕಾರಾದಿಯಲ್ಲಿ ಹೇಳುವುದಿಲ್ಲ, ಬಸ್ಸು ನಿಲ್ಲುವ ಕ್ರಮದಲ್ಲಿ ಹೇಳುತ್ತೇವೆ. ಅವಳ ಪಟ್ಟಿಯೂ ಹಾಗೆಯೇ: ಬೈಂದೂರಿನಿಂದ ಹೊರಟು ನಾವುಂದ, ಕುಂದಾಪುರ, ತೆಕ್ಕಟ್ಟೆ, ಕೋಟ ದಾಟಿ ಬ್ರಹ್ಮಾವರದಲ್ಲಿ ಮುಗಿಯುತ್ತಿತ್ತು. ಅದರಿಂದ ಒಬ್ಬರನ್ನು ಆರಿಸುವುದು ಹಿಂದೆ ಕೆಲಸಕ್ಕಿದ್ದವರು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿಟ್ಟಿದ್ದ ಪುಟ್ಟ ಪ್ರೋಗ್ರಾಂ.

ಮಳೆಗಾಲದಲ್ಲಿ ಹಳೆಯ ಕಂಪ್ಯೂಟರ್ ಕೆಟ್ಟಿತು. ಹೊಸದಕ್ಕೆ ಲಿನಕ್ಸ್ ಎಂಬ ಬೇರೆ ಕಾರ್ಯವ್ಯವಸ್ಥೆ ಹಾಕಿಸಿದೆವು. ಹಳೆಯ ಪ್ರೋಗ್ರಾಂ ಅದರಲ್ಲಿ ಓಡುವಂತೆ ತಿದ್ದಿದವಳು ಪುಟವಿನ್ಯಾಸಕಿಯೇ. ಕೆಲವು ವಾರ ಕಳೆದ ಮೇಲೆ ಬೈಂದೂರಿನ ಏಜೆಂಟರು ಬಾಗಿಲಲ್ಲೇ ಕೂಗಿಕೊಂಡು ಬಂದರು.

"ಹ್ವಾಯ್, ಬೈಂದೂರ್ ಮಕ್ಳಿಗೆ ಅಕ್ಷರ ಬತ್ತಿಲ್ಯಾ? ಹೊಸ ಕಂಪ್ಯೂಟರ್ ಬಂದಲ್ಲಿಂದ ಕಾಂತಾ ಇದ್ದೆ. ಬಹುಮಾನ ಎಲ್ಲ ತೆಕ್ಕಟ್ಟೆಗೇ ಎಂತಕೆ?"

ನಾನು ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ಮಕ್ಕಳು ಬೇರೆ ಬೇರೆ, ಊರು ಒಂದೇ. ಪುಟವಿನ್ಯಾಸಕಿ ಕುರ್ಚಿ ತಿರುಗಿಸಿ ಏಜೆಂಟರನ್ನು ಕೇಳಿದಳು.

"ನಾನ್ ತೆಕ್ಕಟ್ಟೆಯವಳ್ ಅಂದ್ಕಂಡ್ ಹೇಳ್ತ್ರಿಯಾ ಅಣ್ಣ?"

"ನಾನ್ ಹೇಳುದಲ್ಲ ತಂಗಿ. ಊರ್ ಹೇಳ್ತ್."

ಸಂಪಾದಕರಿಗೆ ಜಗಳ ಬೇಡವಾಗಿತ್ತು. ಮುಂದಿನ ವಾರದಿಂದ ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತೋಣ, ಮುಗಿಯಿತು ಎಂದರು. ಅವಳು ಒಪ್ಪಲಿಲ್ಲ. "ನಿಮ್ಗ್ ಮುಗಿತ್ ಸರ್. ನಂಗೆ ಬಸ್ಸಲ್ಲಿ ದಿನಾ ಜನ ಕೇಂಬುದ್ ತಪ್ಪುದಿಲ್ಲ. ಈಗ್ಲೇ ಇಲ್ಲೇ ಓಡಿಸ್ತೆ, ಎಲ್ರೂ ಕಾಣಿ."

ಓಡಿಸಿದಳು. ಪರದೆಯಲ್ಲಿ ಎಂಬತ್ತಮೂರು ಎಂದು ಬಂತು. ಪಟ್ಟಿಯಲ್ಲಿ ಆ ಸಂಖ್ಯೆ ತೆಕ್ಕಟ್ಟೆಯ ಪಾಲಿನೊಳಗಿತ್ತು. ಮತ್ತೆ ಓಡಿಸಿದಳು. ಎಂಬತ್ತಮೂರು. ಇನ್ನೊಮ್ಮೆ. ಅದೇ.

"ಈ ಕಂಪ್ಯೂಟರೂ ತೆಕ್ಕಟ್ಟೆದೇಯಾ?" ಎಂದರು ಏಜೆಂಟರು.

ಯಾರೂ ನಗಲಿಲ್ಲ. ಯಾವ ಸಂಖ್ಯೆ ಬರುತ್ತದೆಂದು ಗೊತ್ತಿದ್ದವರು ಆ ಜಾಗದಲ್ಲಿ ಯಾರ ಹೆಸರನ್ನಾದರೂ ಕೂರಿಸಬಹುದಿತ್ತು. ಅವಳು ತನ್ನ ಮೇಲಿನ ಅನುಮಾನಕ್ಕೆ ತಾನೇ ಸಾಕ್ಷಿ ಒದಗಿಸಿದಂತಾಗಿತ್ತು.

ಅವಳು ಪ್ರೋಗ್ರಾಂ ತೆರೆದಳು. ಹೊಸ ಕಂಪ್ಯೂಟರಿಗೆ ತಿದ್ದುವಾಗ ತಾನು ಅಳಿಸಿದ್ದ ಸಾಲುಗಳನ್ನು ವಾಪಸು ಸೇರಿಸಿ, ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿಗೆ ಕೊಟ್ಟಳು. ಎಚ್ಚರಿಕೆಗಳು ಒಂದರ ಕೆಳಗೊಂದು ಬಂದವು. ಹಳೆಯ ಕಂಪೈಲರಿನಲ್ಲಿ ಮಾತ್ರ ನಡೆಯುತ್ತಿದ್ದ ಕೆಲವು ಸಿದ್ಧ ಆಜ್ಞೆಗಳ, ಅಂದರೆ ಫಂಕ್ಷನ್‌ಗಳ ಪರಿಚಯ ತನಗಿಲ್ಲ ಎಂದು ಹೊಸದು ಹೇಳುತ್ತಿತ್ತು. ಪರದೆ ಒರೆಸುವ ಕ್ಲಿಯರ್‌ಸ್ಕ್ರೀನ್, ಕೀಲಿ ಒತ್ತುವವರೆಗೆ ಕಾಯಿಸುವ ಗೆಟ್‌ಸಿಎಚ್, ಅವುಗಳ ನಡುವೆ ರಾಂಡಮೈಸ್. ಕಾಲೇಜಿನ ಲ್ಯಾಬಿನಲ್ಲಿ ಈ ಸಾಲುಗಳನ್ನು ಎಲ್ಲರೂ ಅಭ್ಯಾಸಬಲದಿಂದ ಬರೆಯುತ್ತಿದ್ದರಂತೆ, ಯಾಕೆಂದು ಕೇಳದೆ. ಹೊಸ ಯಂತ್ರ ಒಪ್ಪದಿದ್ದಾಗ ಮೂರನ್ನೂ ಒಂದೇ ಜಾತಿಯ ಅಲಂಕಾರ ಎಂದುಕೊಂಡು ಅವಳು ತೆಗೆದುಹಾಕಿದ್ದಳು. ಆದರೆ ರಾಂಡಮೈಸ್ ಇಸ್ಪೀಟಿನ ಎಲೆ ಕಲಸುವ ಸಾಲು. ಕಲಸದೆ ಎತ್ತಿದರೆ ಪ್ರತಿ ಸಲ ಮೇಲೆ ಬರುವುದು ಅದೇ ಎಲೆ.

ನಾಲ್ಕನೆಯ ಎಚ್ಚರಿಕೆ ರಾಂಡಮ್ ಎಂಬ ಫಂಕ್ಷನ್ ಬಗ್ಗೆ. ಆ ಹೆಸರಿನದು ಎರಡೂ ಕಡೆ ಇದೆ, ಕೆಲಸ ಬೇರೆ. ಹಳೆಯದು ನೂರರೊಳಗಿನ ಸಂಖ್ಯೆ ಕೇಳಿದರೆ ನೂರರೊಳಗೆ ಕೊಡುತ್ತಿತ್ತು. ಹೊಸದು ಏನು ಕೇಳಿದರೂ ಕೋಟಿಗಟ್ಟಲೆಯ ಸಂಖ್ಯೆ ಕೊಡುತ್ತದೆ. ಅವಳು ಅದನ್ನು ನೂರರಿಂದ ಭಾಗಿಸಿ ಶೇಷ ತೆಗೆದುಕೊಂಡಿದ್ದಳು. ಲೆಕ್ಕ ಸರಿಯಾಗಿತ್ತು, ಪ್ರೋಗ್ರಾಂ ಓಡಿತ್ತು. ಓಡಿದ ಮೇಲೆ ಎಚ್ಚರಿಕೆಯನ್ನು ಯಾರು ಓದುತ್ತಾರೆ?

ನಮ್ಮ ಕೆಲಸದಲ್ಲೂ ಇದೇ. ತಪ್ಪು ಕಂಡರೆ ಪುಟ ನಿಲ್ಲುತ್ತದೆ, ಬರೀ ಅನುಮಾನವಿದ್ದರೆ ನಿಲ್ಲುವುದಿಲ್ಲ. ಮುದ್ರಣದ ಹೊತ್ತು ಹತ್ತಿರವಾದಾಗ ನಾವು ಪುಟವನ್ನು ನಿಲ್ಲಿಸುವ ತಪ್ಪನ್ನು ಮಾತ್ರ ಸರಿಪಡಿಸಿ ಕಳಿಸುತ್ತೇವೆ.

ಅವಳು ಓಡುತ್ತಿದ್ದ ಪ್ರೋಗ್ರಾಮನ್ನು ಮುಟ್ಟದೆ ಪಟ್ಟಿಯನ್ನು ತಲೆಕೆಳಗು ಮಾಡಿದಳು. ಬ್ರಹ್ಮಾವರ ಮೊದಲು, ಬೈಂದೂರು ಕೊನೆ. "ಈಗ ತೆಕ್ಕಟ್ಟೆಗ್ ಬಪ್ಪುದಿಲ್ಲ. ನಿಮ್ ಬದಿಗೇ ಬತ್ತ್, ಕಾಣಿ" ಎಂದಳು. ಎಂಬತ್ತಮೂರೇ ಬಂತು. ಅಲ್ಲಿದ್ದದ್ದು ಬೈಂದೂರಿನ ಹುಡುಗಿಯ ಹೆಸರು.

ಏಜೆಂಟರು ಬಗ್ಗಿ ನೋಡಿದರು. "ಈಗ ಸರಿ ಆಯ್ತಲ್ಲ! ಇದ್ನೇ ಇಟ್ಕಣಿ ಮರಾಯ್ರೆ."

ಈ ಸಲ ಅವಳೂ ನಕ್ಕಳು.

ಸ್ಪಷ್ಟೀಕರಣ ಬರೆಯುವುದು ನನ್ನ ಪಾಲಿಗೆ ಬಂತು. 'ತಾಂತ್ರಿಕ ದೋಷದಿಂದ' ಎಂದು ಆರಂಭಿಸಿ ಎಂದರು ಸಂಪಾದಕರು. ಬೇಡ ಎಂದಳು ಅವಳು. ಆ ಮಾತು ಕಂಡರೆ ಜನ ಏನೋ ಮುಚ್ಚಿಡುತ್ತಿದ್ದಾರೆಂದೇ ಓದುತ್ತಾರೆ. ಅವಳು ಹೇಳಿದ್ದು ಸರಿ. ಆದದ್ದನ್ನೇ ಬರೆದೆ: ಕಂಪ್ಯೂಟರ್ ಬದಲಿಸುವಾಗ ಕಚೇರಿಯಲ್ಲಿ ಒಂದು ಸಾಲು ತೆಗೆದುಹಾಕಲಾಯಿತು, ಕಂಪೈಲರ್ ಎಚ್ಚರಿಸಿತ್ತು, ಗಮನಿಸಲಿಲ್ಲ, ಹಾಗಾಗಿ ಪ್ರತಿ ವಾರ ಒಂದೇ ಸ್ಥಾನ ಬಂತು. ಕೊಟ್ಟ ಬಹುಮಾನ ಮಕ್ಕಳ ಬಳಿಯೇ ಇರಲಿ. ಮುಂದಿನ ಆಯ್ಕೆಯನ್ನು ಯಾರು ಬೇಕಾದರೂ ಬಂದು ನೋಡಬಹುದು.

ಬಂದವರು ಬೈಂದೂರಿನ ಏಜೆಂಟರೊಬ್ಬರೇ. ಅಷ್ಟರಲ್ಲಿ ಅವಳು ಆ ಫಂಕ್ಷನ್‌ಗಳ ಬದಲು ಎಲ್ಲ ಕಂಪೈಲರ್‌ಗಳಲ್ಲೂ ನಡೆಯುವವನ್ನು ಹಾಕಿ, ಎಲೆ ಕಲಸುವ ಕೆಲಸವನ್ನೂ ಸೇರಿಸಿದ್ದಳು. ಕಂಪೈಲ್ ಮಾಡಿದಾಗ ಒಂದೂ ಎಚ್ಚರಿಕೆ ಬರಲಿಲ್ಲ. ಪರೀಕ್ಷೆಗೆಂದು ಹಲವು ಸಲ ಓಡಿಸಿ ತೋರಿಸಿದಳು. ನಾವುಂದ ಬಂತು, ಕುಂದಾಪುರ ಬಂತು, ಕೋಟ ಬಂತು. "ಇನ್ನ್ ಒತ್ತುದ್ ಲೆಕ್ಕದ್ದ್" ಎಂದು ಹೇಳಿ ಒತ್ತಿದಳು.

ತೆಕ್ಕಟ್ಟೆ ಬಂತು. ಸಂಖ್ಯೆ ಬೇರೆ, ಊರು ಅದೇ.

ಸಂಪಾದಕರು ಮೆಲ್ಲಗೆ, "ಇನ್ನೊಂದು ಸಲ ಒತ್ತಿಬಿಡಿ" ಎಂದರು.

ಅವಳು ಕೀಲಿಮಣೆಯಿಂದ ಕೈ ತೆಗೆದಳು. "ಇಲ್ಲ ಸರ್. ಮತ್ತೊಂದ್ ಸಲ ಒತ್ರೆ ಆರ್ಸಿದ್ದ್ ನಾನೇ ಆತೆ."

ಏಜೆಂಟರು ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಚೀಲ ಹೆಗಲಿಗೇರಿಸಿದರು. "ಹಾಕಿ. ನಾ ಎದ್ರಿಗಿದ್ದೆ ಅಂದೇಳಿ ಊರಲ್ ಹೇಳ್ತೆ. ನಂಬುದ್ ಬಿಡುದ್ ಅವ್ರಿಗ್ ಬಿಟ್ಟದ್ದ್."

ಶನಿವಾರದ ಪುಟದಲ್ಲಿ ತೆಕ್ಕಟ್ಟೆಯ ಹೆಸರು ಬಂತು. ಅಂದು ಸಂಜೆ ಅವಳು ಎಂದಿನ ಬಸ್ಸಿಗೇ ಹೋದಳು.