ಸಾವ್ಕಾರರ ಬದಲಿಗೆ ಡ್ರೈವರನ ರಕ್ತ

ಸಂಡೂರಿನಲ್ಲಿ ಅದಿರು ಲಾರಿಗಳ ಭರಾಟೆ ಜೋರಾಗಿದ್ದ ಕಾಲ. ಮುಂದೆ ಹೃದಯದ ಕಾಯಿಲೆ ಬರುವ ಅಪಾಯ ಯಾರಿಗಿದೆಯೆಂದು ತಿಳಿಯಲು ನಮ್ಮ ವೈದ್ಯಕೀಯ ತಂಡದವರು ಊರವರ ರಕ್ತ ಪರೀಕ್ಷಿಸುತ್ತಿದ್ದೆವು. ಲಾರಿ ಮಾಲೀಕರೊಬ್ಬರ ಹೆಸರು ಕೂಗಿದರೆ, ಅವರ ಡ್ರೈವರ್ ಬಂದು ಕೈ ಚಾಚಿದ.

"ಸಾವ್ಕಾರ್ರಿಗೆ ಪುರಸೊತ್ತಿಲ್ರೀ. ಪರ್ಮಿಟ್ಟಿಗೂ ನಾನ ಹೋಗ್ತೀನಿ, ಲಾರಿ ತೂಕದ ಲೈನಿಗೂ ನಾನ ನಿಲ್ತೀನಿ. ರಕ್ತಾನೂ ನಂದ ತಗೊಳ್ರಿ."

ಸಿಟ್ಟು ಬಂದು ಮಾಲೀಕರಿಗೇ ಫೋನ್ ಮಾಡಿದೆ.

"ಅವ ಗಟ್ಟಿ ಆಳು, ರಿಪೋರ್ಟ್ ಚಲೋ ಬರ್ತೈತ್ರೀ. ನಂದು ತಗೊಂಡ್ರ ಮನ್ಯಾಗ ಮಟನ್ ಬಂದ್ ಮಾಡ್ತಾರ" ಎಂದರು.

ಡ್ರೈವರನ ರಕ್ತವನ್ನು ಅವನದೇ ಹೆಸರಿನಲ್ಲಿ ತೆಗೆದುಕೊಂಡೆ. ನೋಡಿದರೆ ಕೊಲೆಸ್ಟ್ರಾಲ್ ವಿಪರೀತ ಏರಿತ್ತು. ಅವನನ್ನು ಹೊಸಪೇಟೆಯ ಹೃದಯದ ಡಾಕ್ಟರ ಬಳಿ ಕಳಿಸಿದೆವು.

ಸುದ್ದಿಯನ್ನು ಅವನೇ ಮಾಲೀಕರಿಗೆ ಹೇಳಿದನಂತೆ. ಕೂಡಲೇ ಅವರ ಫೋನ್ ಬಂತು.

"ಭಾಳ ಉಪಕಾರ ಆತ್ರೀ. ಆ ರಿಪೋರ್ಟ್ ನನ್ನ ಹೆಸರಿಗೆ ಬಂದಿದ್ರ ಮಟನ್ ಗೋವಿಂದ ಆಗ್ತಿತ್ತು!"