ಅಳಿಯ ಎಂದು ಕರೆದವರು

ಅಮೆರಿಕದ ಡಬ್ಲಿನ್ ಎಂಬ ಊರಿನಲ್ಲಿ ಮಾರಾಟಕ್ಕಿದ್ದ ಮನೆ ನೋಡಿ ಹೊರಬರುತ್ತಿದ್ದಾಗ, ಪಕ್ಕದ ಮನೆಯ ವೃದ್ಧೆಯೊಬ್ಬರು ಬೇಲಿಯ ಬಳಿ ನಿಂತು ನನ್ನ ಗಂಡನನ್ನೇ ದಿಟ್ಟಿಸುತ್ತಿದ್ದರು. ಅವನು ಕಪ್ಪು ವರ್ಣದ ಅಮೆರಿಕನ್. ಡಾಟ್ ಕಾಮ್ ಭರಾಟೆಯ ಆ ದಿನಗಳಲ್ಲಿ ಮನೆ ಸಿಗುವುದೇ ಕಷ್ಟ. ಆದರೂ ಅಂಥ ನೋಟ ಎದುರಾದ ಬೀದಿಗಳಿಂದ ನಾವು ಸುಮ್ಮನೆ ವಾಪಸಾಗುತ್ತಿದ್ದೆವು. ನಾನು ಮಗಳಿಗೆ, “ಬೇಗ ಕಾರು ಹತ್ತು ಪುಟ್ಟಿ” ಎಂದೆ.

ಕನ್ನಡ ಕಿವಿಗೆ ಬಿದ್ದದ್ದೇ ಆಕೆಯ ಮುಖ ಅರಳಿತು. ಹುಬ್ಬಳ್ಳಿಯ ಮುಸ್ಲಿಂ ಮನೆತನದವರು, ಇಲ್ಲಿ ಮಗಳ ಜೊತೆ ಇದ್ದರಂತೆ.

“ಇಷ್ಟ್ಯಾಕ ಅವಸರ ಮಾಡ್ತೀಯವ್ವಾ? ಚಾ ಇಟ್ಟೇನಿ. ಅಳಿಯಾರನ್ನ ಒಳಗ ಕರಕೊಂಡು ಬಾ.”

ನಾನು ನಿಂತಲ್ಲೇ ನಿಂತೆ. ಮದುವೆಯಾಗಿ ವರ್ಷಗಳು ಕಳೆದಿದ್ದರೂ ನನ್ನ ತವರಿನಲ್ಲಿ ಯಾರೂ ಅವನನ್ನು ಅಳಿಯ ಎಂದಿರಲಿಲ್ಲ. ಅಮ್ಮ ಫೋನಿನಲ್ಲಿ ಅವನ ಹೆಸರನ್ನೂ ಎತ್ತುತ್ತಿರಲಿಲ್ಲ. ಆ ವೃದ್ಧೆ ಏನೆಂದರು ಎಂದು ಅವನು ಕೇಳಿದ. ನಾನು ಅರ್ಥ ಬಿಡಿಸಿ ಹೇಳಿದೆ. ಅವನು ಒಂದು ಕ್ಷಣ ಆಕೆಯನ್ನೇ ನೋಡಿ, ಬಾಗಿಲಲ್ಲಿ ಶೂ ಕಳಚಿ ಒಳಗೆ ನಡೆದ.

ನಾವು ನೋಡಿದ್ದ ಆ ಪಕ್ಕದ ಮನೆಯನ್ನೇ ಕೊಂಡೆವು. ಮೌಂಟನ್ ವ್ಯೂನಲ್ಲಿದ್ದ ಅವನ ಆಫೀಸಿಗೆ ಅದು ಬಲು ದೂರ. ಅಷ್ಟು ದೂರ ಯಾಕೆ ಹೋದೆ ಎಂದು ಯಾರಾದರೂ ಕೇಳಿದರೆ, “ಪಕ್ಕದಲ್ಲೇ ನಮ್ಮ ಅತ್ತೆಯ ಮನೆ ಇದೆ” ಎನ್ನುತ್ತಿದ್ದ.