ನಸುಕಿನ ಕೀಲಿಕೈ ಬಿಟ್ಟುಕೊಟ್ಟದ್ದು

ಹುಬ್ಬಳ್ಳಿಯ ನಮ್ಮ ರೊಟ್ಟಿ ಕೇಂದ್ರದಲ್ಲಿ ಹನ್ನೆರಡು ಹೆಣ್ಣುಮಕ್ಕಳು. ಅವರಿಗೆ ಮುಖ್ಯಸ್ಥೆ ನಾನು. ಮುಖ್ಯಸ್ಥೆ ಅಂದಮೇಲೆ ನಸುಕಿನ ಐದಕ್ಕೆ ಎಲ್ಲರಿಗಿಂತ ಮೊದಲು ಬಂದು ಕೀಲಿ ತೆಗೆಯಬೇಕು, ಯಾವ ರೊಟ್ಟಿಗಂಟು ಯಾರ ಮನೆಗೆ ಎಂದು ಹೇಳಬೇಕು. ನನ್ನ ಕಷ್ಟ ಏನೆಂದರೆ, ಎಷ್ಟು ಬೇಗ ಮಲಗಿದರೂ ಐದಕ್ಕೆ ಕಣ್ಣಷ್ಟೇ ತೆರೆಯುತ್ತಿತ್ತು. ತಲೆ ತೆರೆಯುತ್ತಿದ್ದುದು ಹತ್ತರ ಮೇಲೆ. ಹೇಳಿಕೊಂಡರೆ ಮೈಗಳ್ಳಿ ಅಂದಾರು ಎಂದು ಮೂರು ವರ್ಷ ಸುಮ್ಮನಿದ್ದೆ.

ಒಂದು ದಿನ ಶಿರಗುಪ್ಪಿಯಲ್ಲಿ ಹಿರಿಯರೊಬ್ಬರಿಗೆ ಎಂಬತ್ತು ತುಂಬಿದ ಸಂಭ್ರಮದ ಊಟಕ್ಕೆ ಮೆತ್ತನ್ನ ರೊಟ್ಟಿ, ಪಾದಯಾತ್ರೆಗೆ ಹೊರಟವರಿಗೆ ಬಹುದಿನ ಕೆಡದ ಖಡಕ್ ರೊಟ್ಟಿ ಹೋಗಬೇಕಿತ್ತು. ನಾನು ಆಕಳಿಸುತ್ತ ಗಂಟುಗಳನ್ನು ಅದಲುಬದಲು ಮಾಡಿ ಕಳಿಸಿಬಿಟ್ಟೆ.

ಮಧ್ಯಾಹ್ನ ಆ ಹಿರಿಯರ ಮಗ ಬಂದರು. “ಅಕ್ಕಾರ, ನಮ್ಮಪ್ಪನ ಗೆಳ್ಯಾರಿಗೆ ಬಾಯಾಗ ಹಲ್ಲಿಲ್ಲ. ರೊಟ್ಟಿ ಜೋಡಿ ಕುಸ್ತಿ ಹಿಡದ್ರು. ಬರೋ ಸೋಮವಾರ ಮಗಳ ಮದುವಿ ಐತಿ, ಎರಡೂ ಥರದ ರೊಟ್ಟಿ ನಿಮಗ ಹೇಳೇನಿ. ಈ ಸಲ ತಪ್ಪಿದ್ರ ನಿಮ್ಮ ಬಾಗಲಾ ತುಳ್ಯಂಗಿಲ್ಲ ನೋಡ್ರಿ.”

ಅವರು ಹೋದಮೇಲೆ ಹಿಟ್ಟು ನಾದುವವಳು ನನ್ನ ಎದುರಿಗೇ ಅಂದಳು, “ಮುಖ್ಯಸ್ಥಿನ್ನ ಬದಲಿ ಮಾಡೂದು ಛಲೋ.”

ಬೆಳಗಿನ ನಮಾಜು ಮುಗಿಸಿ ಬರುವ ಆಪಾ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗೂ ಅಕ್ಕ. ಅವರತ್ತ ತಿರುಗಿದೆ. “ಖರೇ ಹೇಳತೇನ್ರಿ ಆಪಾ, ನಸುಕಿನ್ಯಾಗ ನನ್ನ ತಲಿ ನಡ್ಯಂಗಿಲ್ಲ.”

“ಅದೇನ್ ಗುಟ್ಟೇನವಾ? ಬಾಯಿ ಅಷ್ಟ ನಡೀತೈತಿ. ಆದ್ರ ಸಂಜಿ ನಾಕಕ್ಕ ನಿನ್ನಷ್ಟು ಶಾಣ್ಯಾಕಿ ಯಾರದಾರ? ಆಗ ನನಗ ಜೋಂಪು ಹತ್ತಿರತೈತಿ. ಕೀಲಿಕೈ ಇಲ್ಲಿ ಕೊಡು.”

ಕೊಟ್ಟೆ. ಅಂದಿನಿಂದ ನಾಲ್ಕಕ್ಕೆ ಕುಳಿತು ಮರುದಿನದ ಲೆಕ್ಕಾಚಾರವೆಲ್ಲ ನಾನು ಬರೆದಿಡುವುದು, ನಸುಕಿನಲ್ಲಿ ಆಪಾ ಅದರಂತೆ ನಡೆಸುವುದು. ಮೆತ್ತನ್ನ ರೊಟ್ಟಿ ಕಟ್ಟಲಿಕ್ಕೆ ಬಿಳಿ ಅರಿವೆ, ಖಡಕ್ ರೊಟ್ಟಿಗೆ ಕೆಂಪು ಅರಿವೆ ಎಂಬ ಉಪಾಯ ಹೊಳೆದದ್ದೂ ಒಂದು ಸಂಜೆಯೇ.

ಮದುವೆಯ ದಿನ ನಾನೂ ನಸುಕಿಗೇ ಹೋದೆ, ರೊಟ್ಟಿ ಬಡಿಯಲಿಕ್ಕೆ ಮಾತ್ರ. ನಡುವೆ ಬಾಯಿ ಹಾಕಹೋದರೆ ಆಪಾ, “ನೀ ಬಡಿಯವಾ ಸುಮ್ಮನ,” ಅಂದರು. ಬಡಿದೆ. ಏಳರೊಳಗೆ ಗಂಟುಗಳೆಲ್ಲ ಟೆಂಪೋ ಏರಿದವು. ವಧುವಿನ ತಂದೆ ತಾವೇ ಬಂದು ಬಿಳಿ ಗಂಟು ಬಿಚ್ಚಿ ಒಂದು ರೊಟ್ಟಿ ಮಡಚಿ ನೋಡಿದರು. ಮುರಿಯಲಿಲ್ಲ.

“ಈಗ ಇಲ್ಲಿ ಯಜಮಾನ್ತಿ ಯಾರ್ರಿ?”

“ಈಗ ಆಪಾ. ಸಂಜಿ ನಾಕರ ಮ್ಯಾಲ ಬಂದ್ರ ನಾನ್ರೀ.”

ಮರುದಿನ ನಾಲ್ಕೂಕಾಲಿಗೆ ಬಂದೇಬಿಟ್ಟರು, ಬೀಗರನ್ನೂ ಕರೆದುಕೊಂಡು. ಬೀಗರ ಹೊಸ ಮನೆಯ ವಾಸ್ತುಶಾಂತಿಗೆ ಸಾವಿರ ರೊಟ್ಟಿ ಬೇಕಿತ್ತು. ಆಪಾ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಹಿಟ್ಟು ನಾದುವವಳು ಕೈ ಒರೆಸಿಕೊಂಡು ಬಂದು, ಲೆಕ್ಕದ ವಹಿ ಬಿಚ್ಚಿ ನನ್ನ ಮುಂದಿಟ್ಟಳು. “ಬರೀರಿ ಅಕ್ಕಾರ,” ಅಂದಳು.